ಕಲಿವೀರಯ್ಯ ಮರದಿಂದ ಇಳಿದದ್ದು

ನಮ್ಮೂರಿನ ಮಧ್ಯಾಹ್ನದ ಬಸ್ಸಿನಲ್ಲಿ ಯಾರು ಬಂದಿಳಿಯುತ್ತಾರೆ ಎಂಬುದು ಟೀವಿ ನೋಡುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಯಾವ ಧಾರಾವಾಹಿಯ ಕೊನೆಯ ಕಂತು ಮುಗಿಯಿತೋ ಆ ಧಾರಾವಾಹಿಯ ಜನ ಮರುದಿನ ಕೈಯಲ್ಲೊಂದು ಚೀಲ ಹಿಡಿದು ಬಂದೇ ಬರುತ್ತಾರೆ. ನಟರಲ್ಲ, ನಟರು ಅವರವರ ಊರಲ್ಲಿ ಅವರ ಪಾಡಿಗೆ ಇರುತ್ತಾರಂತೆ. ಬರುವವರು ಪಾತ್ರಗಳು. ಬಂದವರಿಗೆ ಒಂದು ನೆಲೆಯಾಗುವ ತನಕ ಇರಲಿ ಎಂದು ನಮ್ಮ ಹಿರಿಯರು ಬಸ್ ನಿಲ್ದಾಣದ ಹಿಂದೆ ಒಂದು ಛತ್ರ ಕಟ್ಟಿಸಿದ್ದಾರೆ. ನಾನು ಅದರ ಮೇಲ್ವಿಚಾರಕಿ. ಹೆಸರು ಪದ್ಮಲೋಚನ, ಊರವರ ಬಾಯಲ್ಲಿ ಲೋಚನಕ್ಕ.

ಅಳುವ ಧಾರಾವಾಹಿಯವರದ್ದು ನನಗೆ ಎಂದೂ ತಲೆನೋವಾಗಿಲ್ಲ. ವರ್ಷಗಟ್ಟಲೆ ಅತ್ತೆಯ ಕಾಟ ತಿಂದ ಸೊಸೆಯರು ಇಲ್ಲಿಗೆ ಬಂದು ಒಂದು ವಾರ ನಿದ್ದೆ ಮಾಡುತ್ತಾರೆ, ಆಮೇಲೆ ಎದ್ದು ಕೆಲಸ ಹುಡುಕುತ್ತಾರೆ. ನಮ್ಮ ನೀರು ಸರಬರಾಜು ಕಚೇರಿಯಲ್ಲಿ ಅರ್ಧಕ್ಕರ್ಧ ಅವರೇ. ಸೊಸೆಯ ಹಾಲಿಗೆ ವಿಷ ಬೆರೆಸಲು ಹೊಂಚು ಹಾಕುತ್ತಿದ್ದ ಚಿಕ್ಕತ್ತೆಯೊಬ್ಬಳು ಈಗ ಮಾರ್ಕೆಟ್ ಬೀದಿಯಲ್ಲಿ ಹೋಟೆಲ್ ಇಟ್ಟಿದ್ದಾಳೆ. ಮೊದಮೊದಲು ಅವಳ ಕಾಫಿ ಕುಡಿಯಲು ಜನ ಹಿಂದೆ ಮುಂದೆ ನೋಡಿದರು. ಈಗ ಬೆಳಿಗ್ಗೆ ಹೋದರೆ ಕೂರಲು ಜಾಗ ಸಿಗುವುದಿಲ್ಲ.

ಕಷ್ಟವೆಲ್ಲ ಹಾಸ್ಯ ಧಾರಾವಾಹಿಯವರದ್ದು. ಟೀವಿಯಲ್ಲಿ ಅವರು ಒಂದು ಮಾತು ಮುಗಿಸಿದ ಕೂಡಲೇ ಎಲ್ಲಿಂದಲೋ ನೂರಾರು ಜನ ಗೊಳ್ಳೆಂದು ನಗುತ್ತಿದ್ದರು. ಇಲ್ಲೂ ಅವರು ಮಾತು ಮುಗಿಸಿ ಒಂದು ಕ್ಷಣ ಕಾಯುತ್ತಾರೆ. ಕಾದು, ಏನೂ ಕೇಳಿಸದೆ, ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಬರಬರುತ್ತ ಮಾತು ಬಿಡುತ್ತಾರೆ. ಆಮೇಲೆ ಬಣ್ಣ ಹೋಗಲು ಶುರುವಾಗುತ್ತದೆ. ಮೊದಲು ಬಟ್ಟೆಯದು, ಆಮೇಲೆ ಚರ್ಮದ್ದು. ಹಳೆಯ ಕಪ್ಪು ಬಿಳುಪು ಟೀವಿಯ ಚಿತ್ರದ ಹಾಗೆ ಆಗಿಬಿಡುತ್ತಾರೆ. ಹಿಂದೊಮ್ಮೆ ಲಾಠಿ ಕಳೆದುಕೊಳ್ಳುವ ಪೊಲೀಸ್ ಪೇದೆಯೊಬ್ಬ ಬಂದಿದ್ದ. ಕೊನೆಕೊನೆಗೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಅವನಿಗೆ ತಿಂಡಿ ತೆಗೆದುಕೊಂಡು ಹೋದಾಗ ಕುರ್ಚಿ ಮಾತ್ರ ಇತ್ತು. ತಟ್ಟೆ ಹಿಡಿದುಕೊಂಡು ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ ತಿಳಿಯದು.

ಹೀಗಿರುವಾಗ ‘ಮೇಲ್ಮಹಡಿ ಕೆಳಮಹಡಿ’ ಮುಗಿಯಿತು. ಊರಿಗೆ ಊರೇ ನೋಡುತ್ತಿದ್ದ ಧಾರಾವಾಹಿ ಅದು. ಬಸ್ಸಿನಿಂದ ಮೂವರು ಇಳಿದರು. ಹೆಸರಿಗೆ ಸರಿಯಾಗಿ ಉಲ್ಟಾ ಇರುವುದೇ ಆ ಧಾರಾವಾಹಿಯ ಜನರ ಲಕ್ಷಣ. ನಾಜೂಕಯ್ಯ ರಿಪೇರಿಗೆ ಕೈ ಹಾಕಿದ ಯಾವ ವಸ್ತುವೂ ಮತ್ತೆ ಬಳಕೆಗೆ ಬಂದದ್ದಿಲ್ಲ. ಚೂಡಾಮಣಿ ಗೋಡೆಗೆ ಕಿವಿಯಿಟ್ಟು ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವವಳು, ಕೇಳಿಸಿಕೊಂಡದ್ದೆಲ್ಲ ತಪ್ಪೇ. ಇನ್ನು ಕಲಿವೀರಯ್ಯ. ಸಣ್ಣಗಿನ ಆಳು, ಹಸಿರು ಸ್ವೆಟರು, ಬಾಚಿ ಒತ್ತಿಟ್ಟ ಕೂದಲು. ಎಲ್ಲಿ ಏನು ಸದ್ದಾದರೂ ಹತ್ತಿರ ಕಂಡದ್ದರ ಮೇಲೆ ಹತ್ತಿಬಿಡುತ್ತಿದ್ದ. ಮಂಚ, ಮೇಜು, ಬೀರು, ಒಂದು ಕಂತಿನಲ್ಲಂತೂ ಮದುಮಗನ ಹೆಗಲು.

ಮೊದಲ ದಿನ ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಕಲಿವೀರಯ್ಯ ಊಟದ ಮೇಜಿನ ಮೇಲಿದ್ದ. ಛತ್ರದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನ ಮುಖ ಅರಳಿತು. ಒಂದು ವಾರ ಹೀಗೇ ನಡೆಯಿತು. ಶಾಲೆ ಬಿಟ್ಟ ಮಕ್ಕಳು ಗೇಟಿನ ಹತ್ತಿರ ಬಂದು ಡಬ್ಬಿ ಬಡಿಯುವುದು, ಇವನು ಕಂಬ ಹತ್ತುವುದು. ಆದರೆ ಎಷ್ಟು ದಿನ ಅಂತ ನಗುತ್ತಾರೆ? ಮಕ್ಕಳಿಗೂ ಬೇಜಾರು ಬಂತು. ಒಂದು ಸಲ ಕುಕ್ಕರು ಕೂಗಿ, ಅವನು ಮೇಜು ಹತ್ತಿ ನಿಂತಾಗ, ನಾವೆಲ್ಲ ಅವನ ಪಾದದ ಸುತ್ತಲಿನ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಊಟ ಮುಂದುವರಿಸಿದೆವು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮೆಲ್ಲಗೆ ಇಳಿದು, ಕೈ ತೊಳೆದುಕೊಂಡು ಹೋದ. ಮರುದಿನ ನೋಡಿದರೆ ಹಸಿರು ಸ್ವೆಟರು ಬೂದಿಯ ಬಣ್ಣಕ್ಕೆ ತಿರುಗಿತ್ತು.

ಊರಿನವರು ಒಳ್ಳೆಯವರು. ವಿಷಯ ತಿಳಿದು, ಸಂಜೆ ಹೊತ್ತು ಗುಂಪು ಕಟ್ಟಿಕೊಂಡು ಬಂದು, ಮೂವರನ್ನೂ ಎದುರಿಗೆ ಕೂರಿಸಿಕೊಂಡು ನಗಲು ಶುರು ಮಾಡಿದರು. ಚೂಡಾಮಣಿ ನೀರು ಬೇಕೆಂದರೂ ನಕ್ಕರು. ಮೂವರ ಬಣ್ಣವೂ ಇನ್ನಷ್ಟು ಬೇಗ ಹೋಯಿತು. ಕೊನೆಗೆ ಕಲಿವೀರಯ್ಯನೇ ನನ್ನ ಹತ್ತಿರ ಬಂದ.

“ಅವರಿಗೆ ಬರಬೇಡಿ ಅಂತ ಹೇಳಿಬಿಡಿ, ಅಕ್ಕಾವ್ರೆ,” ಎಂದ. “ಆಸ್ಪತ್ರೆಗೆ ಹಣ್ಣು ತಗೊಂಡು ಬಂದ ಹಾಗೆ ನಗು ತಗೊಂಡು ಬರ್ತಾರೆ. ನನಗೆ ತಡಕೊಳ್ಳೋಕೆ ಆಗಲ್ಲ.”

ಆ ಮಾತಿಗೆ ಅವನು ನಗುವಿಗಾಗಿ ಕಾಯಲಿಲ್ಲ. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಈಗ ನಮ್ಮ ಭಾನುವಾರದ ಆಟದ ವಿಷಯ ಹೇಳಬೇಕು. ಛತ್ರದ ಊಟದ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾನು, ಆಸ್ಪತ್ರೆಯ ನರ್ಸ್ ಫಿಲೋಮಿನಾ, ಕೊಡೆ ಅಂಗಡಿಯ ಹನೀಫ್ ಸೇರಿ ಒಂದು ಆಟ ಆಡುತ್ತೇವೆ. ಹನೀಫ್ ಹಳೆಯ ಪುಸ್ತಕದಂಗಡಿಯಲ್ಲಿ ಎತ್ತಿಕೊಂಡು ಬಂದ ಪೆಟ್ಟಿಗೆ ಅದು. ಒಬ್ಬರು ಕಥೆ ನಡೆಸಬೇಕು, ಉಳಿದವರು ಆ ಕಥೆಯೊಳಗಿನ ಯೋಧರೋ ಮಾಂತ್ರಿಕರೋ ಆಗಬೇಕು. ಪ್ರತಿಯೊಬ್ಬರಿಗೂ ಒಂದು ಹಾಳೆ. ಅದರಲ್ಲಿ ತನ್ನ ಹೆಸರು, ಬಲ, ಚುರುಕು, ಜಾಣತನ, ದೌರ್ಬಲ್ಯ ಬರೆದುಕೊಳ್ಳಬೇಕು. ಎದುರಿಗೆ ಕಾಡಿದೆ, ಕಾಡಿನಲ್ಲಿ ರಾಕ್ಷಸರಿದ್ದಾರೆ, ಏನು ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಅವರು ಹೇಳುತ್ತಾರೆ. ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಂತೆ, ಸಣ್ಣದು ಬಿದ್ದರೆ ಕೆಟ್ಟಂತೆ.

ಕಲಿವೀರಯ್ಯ ಹಾಗೆ ಹೇಳಿದ ಮೇಲಿನ ಭಾನುವಾರ ಚೂಡಾಮಣಿ ಬಾಗಿಲಿಗೆ ಕಿವಿಯಿಟ್ಟಿದ್ದಳು. ಫಿಲೋಮಿನಾ “ಮಾಟಗಾತಿ ಸತ್ತಳು” ಎಂದದ್ದು ಅವಳಿಗೆ ‘ಮೇಷ್ಟರ ಹೆಂಡತಿ ಹೆತ್ತಳು’ ಎಂದು ಕೇಳಿಸಿ, “ಗಂಡೋ ಹೆಣ್ಣೋ?” ಎನ್ನುತ್ತ ಒಳಗೆ ನುಗ್ಗಿದಳು. ಹನೀಫನಿಗೆ ನಗು ತಡೆಯಲಾಗಲಿಲ್ಲ. ನಿಜವಾದ ನಗು. ಚೂಡಾಮಣಿಯ ಸೀರೆಯ ಅಂಚಿನಲ್ಲಿ ಕೆಂಪು ಬಣ್ಣ ಮಿಂಚಿ ಮಾಯವಾದದ್ದನ್ನು ನಾವು ಮೂವರೂ ನೋಡಿದೆವು.

“ಲೋಚನಕ್ಕ, ಇವರನ್ನೂ ಆಟಕ್ಕೆ ಸೇರಿಸ್ಕೊಳ್ಳೋಣ,” ಎಂದಳು ಫಿಲೋಮಿನಾ.

ಚೂಡಾಮಣಿಯನ್ನು ಆಟದ ಹಾಳೆಗೆ ಇಳಿಸುವುದು ಕಷ್ಟವಾಗಲಿಲ್ಲ. ಅವಳು ಮಂತ್ರವಾದಿನಿಯಾದಳು, ಗುರು ಉಪದೇಶಿಸಿದ ಮಂತ್ರಗಳನ್ನೆಲ್ಲ ತಪ್ಪು ಕೇಳಿಸಿಕೊಂಡು ಕಲಿತವಳು. ಅಗ್ನಿಯನ್ನು ಕರೆದರೆ ಅಗಸೆ ಬೀಜ ಉದುರುತ್ತಿತ್ತು. ಆ ಬೀಜದ ಮೇಲೆ ಕಾಲಿಟ್ಟು ರಾಕ್ಷಸರು ಜಾರಿ ಬಿದ್ದರೆ ಅದೂ ಗೆಲುವೇ. ನಾಜೂಕಯ್ಯನನ್ನು ಕೋಟೆ ಒಡೆಯುವವನನ್ನಾಗಿ ಮಾಡಿದೆವು. ಮುಟ್ಟಿದ ಬಾಗಿಲು ಕಳಚಿ ಬೀಳಬೇಕು. ಅವನು ಖುಷಿಯಿಂದ ಒಪ್ಪಿದ, ಆದರೆ ದಾರಿಯಲ್ಲಿ ಎಲ್ಲೇ ಏನೇ ಮುರಿದದ್ದು ಸಿಕ್ಕಿದರೂ ಅದನ್ನು ರಿಪೇರಿ ಮಾಡಿಯೇ ಮುಂದೆ ಹೋಗುವುದೆಂದು ಹಟ ಹಿಡಿದ. ಪ್ರತಿ ಸಲವೂ ದಾಳ ಕೈಕೊಡುತ್ತಿತ್ತು. ಒಂದು ದಿನ ಮಾತ್ರ ಹತ್ತೊಂಬತ್ತು ಬಿತ್ತು.

“ಗಾಡಿಯ ಗಾಲಿ ಸರಿಯಾಯ್ತು,” ಎಂದೆ ನಾನು.

“ಸರಿಯಾಯ್ತು ಅಂದ್ರೆ? ಆಮೇಲೆ ಕಳಚ್ಕೊಳ್ಳುತ್ತೆ ತಾನೇ?”

“ಇಲ್ಲ. ಉರುಳ್ತಾ ಇದೆ.”

ನಾಜೂಕಯ್ಯ ದಾಳವನ್ನು ಮತ್ತೊಮ್ಮೆ ಬಗ್ಗಿ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅವತ್ತು ಅವನ ಅಂಗಿಗೆ ಮರಳಿದ ನೀಲಿ ಮತ್ತೆ ಹೋಗಲಿಲ್ಲ.

ಕಲಿವೀರಯ್ಯನ ಹಾಳೆಯನ್ನು ನಾನು ಕೆಡಿಸಿದ್ದೆ. ಮೊದಲ ಸಲ ಸುಲಭದ ದಾರಿ ಹಿಡಿದೆ: ಯುದ್ಧ ಎಂದರೆ ಓಡಿಹೋಗುವ ಯೋಧ. ಎಲ್ಲರೂ ನಕ್ಕರು, ಅವನ ಸ್ವೆಟರಿಗೆ ಹಸಿರು ಬಂತು, ಆಟ ಮುಗಿಯುವಷ್ಟರಲ್ಲಿ ಮೊದಲಿಗಿಂತ ಬೂದಿಯಾಯಿತು. “ಅಲ್ಲೂ ನಾನು ಅದೇನಾ, ಅಕ್ಕಾವ್ರೆ?” ಎಂದು ಕೇಳಿದ. ನನಗೆ ನಾಚಿಕೆಯಾಗಿ ಮುಂದಿನ ವಾರ ಪೂರ್ತಿ ಎದುರು ದಿಕ್ಕಿಗೆ ಹೋದೆ. ಭೀಮನಂಥ ಮೈಕಟ್ಟು, ಕೈಯಲ್ಲಿ ಖಡ್ಗ, ದೌರ್ಬಲ್ಯದ ಜಾಗ ಖಾಲಿ. ಅವನ ಸರದಿ ಬಂದಾಗಲೆಲ್ಲ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. “ಇವರು ಯಾರೋ ದೊಡ್ಡವರು. ನನಗೆ ಇವರ ಪರಿಚಯ ಇಲ್ಲ,” ಎಂದು ಹಾಳೆಯನ್ನು ಎರಡೂ ಕೈಯಿಂದ ನನಗೆ ವಾಪಸು ಕೊಟ್ಟ. ಆ ಕೈಬೆರಳುಗಳ ಮೂಲಕ ನನಗೆ ಮೇಜಿನ ಮರದ ಗೆರೆಗಳು ಕಂಡವು.

ಹೊರಗೆ ಹೋಗಿ ಫಿಲೋಮಿನಾಳ ಹತ್ತಿರ ಕೂತು ಅತ್ತುಬಿಟ್ಟೆ. “ಪೇದೆಯ ಹಾಗೇ ಆಗುತ್ತೆ ಕಣೇ,” ಎಂದೆ.

“ಆಗೋ ಮುಂಚೆನೇ ತಿಥಿ ಮಾಡ್ಬೇಡ,” ಎಂದು ಗದರಿದಳು. “ರೋಗಿ ಬಂದ್ರೆ ನಾವು ಮೊದ್ಲು ಏನು ಮಾಡ್ತೀವಿ? ಏನಾಗ್ತಿದೆ ಅಂತ ಕೇಳ್ತೀವಿ. ನೀನು ಅವರನ್ನ ಒಂದು ಮಾತು ಕೇಳಿದ್ದೀಯಾ?”

ಕೇಳಿರಲಿಲ್ಲ. ಮಾರನೆಯ ದಿನ ಬೆಳಗಿನ ಬಿಸಿಲಲ್ಲಿ ಅವನು ಛತ್ರದ ಜಗಲಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಹುರುಳಿಕಾಯಿಯ ಮೊರ ಇಟ್ಟುಕೊಂಡು ಕೂತೆ. ಅವನೂ ಒಂದೊಂದೇ ಕಾಯಿಯ ನಾರು ತೆಗೆಯತೊಡಗಿದ.

“ಕಲಿವೀರಯ್ಯನೋರೆ, ಸದ್ದಾದ ಕೂಡ್ಲೆ ಮೇಲಕ್ಕೆ ಹತ್ತುತೀರಲ್ಲ, ಯಾಕೆ?”

“ಹಾಗೆ ಬರೆದಿದ್ರು, ಹತ್ತುತಿದ್ದೆ.”

“ಬರೆದವರ ಮಾತು ಬಿಡಿ. ಹತ್ತಿದ ಮೇಲೆ ನಿಮಗೆ ಏನನ್ನಿಸ್ತಿತ್ತು?”

ಅವನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ಕೈಯಲ್ಲಿದ್ದ ಕಾಯಿಯ ನಾರು ಪೂರ್ತಿ ತೆಗೆದು ಮೊರಕ್ಕೆ ಹಾಕಿದ.

“ಮೇಲಿಂದ ಎಲ್ಲರೂ ಕಾಣ್ತಾರೆ,” ಎಂದ. “ನಾಜೂಕಯ್ಯ ಎಲ್ಲಿದಾನೆ, ಚೂಡಾಮಣಮ್ಮ ಎಲ್ಲಿದಾರೆ, ಎಲ್ಲ ಸರಿಯಾಗಿದಾರಾ, ಅಂತ ಒಂದು ಸುತ್ತು ಎಣಿಸ್ಕೊತಿದ್ದೆ. ಕೆಳಗೆ ಎಲ್ರೂ ನಗ್ತಿದ್ರು. ಸದ್ಯ, ಎಲ್ರೂ ಇದಾರಲ್ಲ ಅಂತ ನನಗೂ ಸಮಾಧಾನ ಆಗ್ತಿತ್ತು. ಟೀವಿಯೋರು ಅದನ್ನ ತೋರಿಸ್ತಿರಲಿಲ್ಲ.”

ಮೊರ ಅಲ್ಲೇ ಬಿಟ್ಟು ನಾನು ಒಳಗೆ ಹೋಗಿ ಹೊಸ ಹಾಳೆ ತಂದೆ. ಜಗಲಿಯಲ್ಲೇ ಕೂತು ಇಬ್ಬರೂ ಸೇರಿ ಬರೆದೆವು. ಬಲದಲ್ಲಿ ಏನೂ ಇಲ್ಲ. ಕಿವಿ ಬಹಳ ಸೂಕ್ಷ್ಮ, ಹತ್ತುವುದರಲ್ಲಿ ಮಂಗನನ್ನು ಮೀರಿಸಿದವನು. ಕೆಲಸ: ದಂಡಿನ ಮುಂದೆ ಹೋಗಿ, ಎತ್ತರದ ಜಾಗ ಹುಡುಕಿ, ಬರುವ ಅಪಾಯವನ್ನು ಎಲ್ಲರಿಗಿಂತ ಮೊದಲೇ ಕಂಡು ಕೂಗಿ ಹೇಳುವ ಕಾವಲುಗಾರ. ದೌರ್ಬಲ್ಯದ ಜಾಗದಲ್ಲಿ ‘ಭಯ’ ಎಂದು ಅವನೇ ಬರೆದ, ತನ್ನ ಕೈಯಾರೆ, ಸ್ಪಷ್ಟವಾಗಿ.

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಅವನೇ ಮೊದಲು ಬಂದು ಮೇಜು ಒರೆಸುತ್ತಿದ್ದ. ಕಾಡಿನಲ್ಲಿ ಎಲೆ ಅಲುಗಿತು ಎಂದರೆ ಸಾಕು, “ಹತ್ತಿದೆ ನಾನು!” ಎಂದು ಕೂಗುತ್ತಿದ್ದ. ಈಗ ನಗುತ್ತಿದ್ದವರು ನಗುತ್ತಲೇ “ಏನು ಕಾಣ್ತಿದೆ ಹೇಳಿ, ಬೇಗ ಹೇಳಿ” ಎಂದು ಅವನ ಮುಖ ನೋಡುತ್ತಿದ್ದರು. ಅವನು ಹೇಳಿದ್ದರ ಮೇಲೆ ಅವರ ಪ್ರಾಣ ನಿಂತಿತ್ತಲ್ಲ. ಬೂದಿ ಬಣ್ಣ ಹೆಚ್ಚಾಗುವುದು ನಿಂತಿತು. ಆದರೆ ಹಸಿರೂ ಬರಲಿಲ್ಲ. ನಡುವೆ ಎಲ್ಲೋ ನಿಂತುಬಿಟ್ಟಿತ್ತು.

ಒಂದು ಭಾನುವಾರ ನಾನು ಕಥೆಯನ್ನು ಕರಿಗುಡ್ಡಕ್ಕೆ ತಂದಿದ್ದೆ. ಗುಡ್ಡದ ಗುಹೆಯಲ್ಲಿ ಬೆಂಕಿ ಉಗುಳುವ ಉರಿನಾಗ ಮಲಗಿದೆ. ಅದು ಬಾಯಲ್ಲಿ ಕಚ್ಚಿಕೊಂಡು ಹೋಗಿದ್ದ ಹಳ್ಳಿಯ ಜನರ ದೀಪವನ್ನು ಕದ್ದು ತರಲು ಉಳಿದ ನಾಲ್ವರೂ ಒಳಗೆ ಹೋಗಿದ್ದಾರೆ. ಹೊರಗೆ ಆಲದ ಮರದ ತುದಿಯಲ್ಲಿ ಕಲಿವೀರಯ್ಯ. ದಾಳ ಕೆಟ್ಟದಾಗಿ ಬಿತ್ತು. ನಾಗ ಎಚ್ಚೆತ್ತು ಹೊರಗೆ ಬಂತು, ಗುಹೆಯ ಬಾಯಿಗೆ ಬಂಡೆ ಉರುಳಿತು, ನಾಗ ಅದಕ್ಕೆ ಕಾವಲು ನಿಂತಿತು, ನಾಲ್ವರೂ ಒಳಗೆ ಸಿಕ್ಕಿಬಿದ್ದರು.

“ಈಗ ಹೊರಗಿರೋರು ನೀವೊಬ್ರೆ,” ಎಂದೆ. “ಮರದ ಮೇಲಿದೀರಿ. ನಾಗಕ್ಕೆ ನೀವಿರೋದು ಗೊತ್ತಿಲ್ಲ.”

“ಸರಿ. ಮುಂದೆ?”

“ಮುಂದಿನದ್ದು ನೀವು ಹೇಳ್ಬೇಕು.”

“ನಾನು ಏನು ಮಾಡ್ಬೇಕು ಅಂತ ಇದೆ?”

“ಏನೂ ಇಲ್ಲ, ಕಲಿವೀರಯ್ಯನೋರೆ. ಬರೆದಿಲ್ಲ.”

ಅವನು ನನ್ನ ಮುಂದಿದ್ದ ಆಟದ ಪುಸ್ತಕದತ್ತ ನೋಡಿದ. ನಾನು ಅದನ್ನು ಅವನ ಕಡೆ ತಿರುಗಿಸಿ ಇಟ್ಟೆ. ಗುಹೆಯ ನಕ್ಷೆ ಇತ್ತು, ನಾಗದ ಚಿತ್ರವಿತ್ತು, ಅಷ್ಟೇ.

“ಅಲ್ಲೇ ಕೂತ್ರೂ ಯಾರೂ ತಪ್ಪು ತಿಳ್ಕೊಳಲ್ಲ,” ಎಂದ ಹನೀಫ್ ಮೃದುವಾಗಿ. “ನಾವು ಹ್ಯಾಗೋ ದಾರಿ ನೋಡ್ಕೊತೀವಿ.”

“ಚೂಡಾಮಣಮ್ಮ, ನೀವೂ ಒಳಗೇ ಇದೀರಾ?” ಎಂದು ಕಲಿವೀರಯ್ಯ ಕೇಳಿದ.

“ಇದೀನಪ್ಪ. ಹೊಗೆ ತುಂಬ್ಕೊಂಡಿದೆ,” ಎಂದಳು. ಆ ಸಲ ಅವಳಿಗೆ ಒಂದಕ್ಷರವೂ ತಪ್ಪು ಕೇಳಿಸಿರಲಿಲ್ಲ.

ಕಲಿವೀರಯ್ಯ ಹಾಳೆಯ ಮೇಲೆ ಕೈಯಿಟ್ಟ. ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಬಿದ್ದು ಠಣ್ಣೆಂದಿತು. ಅವನು ಬೆಚ್ಚಿದ, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ. ಏಳಲಿಲ್ಲ.

“ಇಳೀತೀನಿ,” ಎಂದ.

“ಇಳಿದು?”

“ಇಳಿದು, ಕಲ್ಲು ತಗೊಂಡು ನಾಗಕ್ಕೆ ಹೊಡೀತೀನಿ. ನಾಗ ನನ್ನ ಹಿಂದೆ ಬರಲಿ. ಅಷ್ಟರಲ್ಲಿ ಇವರು ಬಂಡೆ ತಳ್ಳಿ ಹೊರಗೆ ಬರಲಿ. ಭಯ ಆಗ್ತಿದೆ ಅಂತ ಬರ್ಕೊಳ್ಳಿ, ಅಕ್ಕಾವ್ರೆ. ತುಂಬ ಭಯ ಆಗ್ತಿದೆ. ಆದ್ರೂ ಇಳೀತೀನಿ.”

ನಾಗದಿಂದ ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ನೋಡಲು ದಾಳ ಎತ್ತಿಕೊಂಡ. ಅದು ಮೇಜಿನ ಮೇಲೆ ಉರುಳಿ, ಹನೀಫನ ಚಹದ ಲೋಟಕ್ಕೆ ತಾಗಿ ನಿಂತಿತು. ಎರಡು.

ನನಗೆ ಬೇರೆ ಏನಾದರೂ ಹೇಳಿಬಿಡಲೇ ಎನ್ನಿಸಿತು. ಆದರೆ ಕರುಣೆಯಿಂದ ತಂದ ನಗು ಅವನಿಗೆ ಏನು ಮಾಡಿತ್ತೆಂದು ನೋಡಿದ್ದೆ. ಇದ್ದದ್ದನ್ನೇ ಹೇಳಿದೆ. “ನಾಗ ನಿಮ್ಮ ಹಿಂದೆ ಬಂತು. ನಾಲ್ವರೂ ಹೊರಗೆ ಬಂದ್ರು. ನೀವು ನದಿಯವರೆಗೆ ಓಡಿದ್ರಿ. ನದಿ ದಾಟೋಕೆ ಆಗಲಿಲ್ಲ. ಕಾವಲುಗಾರ ಕಲಿವೀರಯ್ಯ ಅಲ್ಲೇ ತೀರ್ಕೊಂಡ್ರು.”

ಯಾರೂ ನಗಲಿಲ್ಲ. ನಾಜೂಕಯ್ಯ ಎದ್ದು ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟ. ಚೂಡಾಮಣಿ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ, “ಎಂಥಾ ಮನುಷ್ಯ ಹೋದ ನೋಡು!” ಎಂದು ಪಕ್ಕದಲ್ಲೇ ಕೂತಿದ್ದವನಿಗಾಗಿ ಅತ್ತಳು. ಕಲಿವೀರಯ್ಯ ಮಾತ್ರ ಕಣ್ಣರಳಿಸಿ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ.

“ನಾಲ್ವರೂ ಬಂದ್ರಾ?” ಎಂದ.

“ಬಂದ್ವಿ,” ಎಂದಳು ಫಿಲೋಮಿನಾ. “ಎಲ್ರೂ ಬಂದ್ವಿ.” ಅವಳು ಅವನ ಕೈ ಹಿಡಿದುಕೊಂಡಿದ್ದಳು, ನಾಡಿ ನೋಡುವವಳ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ಕಣ್ಣಿನಲ್ಲೇ ತೋರಿಸಿದಳು. ಅವನ ಸ್ವೆಟರಿನ ತೋಳು ಮಣಿಕಟ್ಟಿನಿಂದ ಮೇಲಕ್ಕೆ ಹಸಿರಾಗುತ್ತಿತ್ತು. ಮೊದಲಿದ್ದ ಗಿಳಿ ಹಸಿರಿಗಿಂತ ಇದು ಸ್ವಲ್ಪ ಗಾಢ, ಹುಣಸೆ ಎಲೆಯ ಬಣ್ಣ. ಊಟಕ್ಕೆ ಕೂತಾಗ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಆ ವಾರ ಅವನು ಮೊದಲ ಬಾರಿಗೆ ಒಬ್ಬನೇ ಮಾರ್ಕೆಟ್ಟಿಗೆ ಹೋದ. ತಿರುವಿನಲ್ಲಿ ಎಮ್ಮೆಯೊಂದು ಕೂಗಿತಂತೆ, ಇವನು ಯಾರದೋ ಕಾಂಪೌಂಡು ಹತ್ತಿ ನಿಂತನಂತೆ. ಹೋಟೆಲಿನ ಚಿಕ್ಕತ್ತೆ ನೋಡಿದವಳು ಬಂದು ಹೇಳಿದಳು. “ನಾನು ನಗ್ತಿದ್ದೆ ಲೋಚನಕ್ಕ. ಅವರೂ ನನ್ನ ನೋಡಿ ನಕ್ಕರು. ಆಮೇಲೆ ಇಳಿದು, ಎಮ್ಮೆ ಪಕ್ಕದಲ್ಲೇ ನಡ್ಕೊಂಡು ಹೋದ್ರು. ಗೋಡೆಗೆ ಅಂಟಿಕೊಂಡೇ ಹೋದ್ರು ಅನ್ನು. ಆದ್ರೂ ಹೋದ್ರು.” ಅವನು ಮಾರ್ಕೆಟ್ಟಿಗೆ ಹೋದದ್ದು ಪೆನ್ಸಿಲಿಗೆ.

ಭಾನುವಾರ ಬಂದಾಗ ಆ ಪೆನ್ಸಿಲನ್ನು ಚೂಪಾಗಿ ಕೆತ್ತಿಕೊಂಡು ಬಂದು ಕೂತ. ಸತ್ತ ಕಾವಲುಗಾರನನ್ನು ಬದುಕಿಸುವ ಮಂತ್ರ ಪುಸ್ತಕದಲ್ಲಿದೆ, ಬೇಕಾದರೆ ಚೂಡಾಮಣಿ ಪ್ರಯತ್ನಿಸಬಹುದು ಎಂದು ಹನೀಫ್ ಹೇಳಿದ. ಚೂಡಾಮಣಿ ಆಗಲೇ ತೋಳೇರಿಸಿ ಸಿದ್ಧಳಾಗಿದ್ದಳು.

“ಬೇಡ,” ಎಂದ ಕಲಿವೀರಯ್ಯ. “ಅವನು ಚೆನ್ನಾಗಿ ಹೋದ. ಖಾಲಿ ಹಾಳೆ ಇದ್ರೆ ಕೊಡಿ, ಅಕ್ಕಾವ್ರೆ.”

ಕೊಟ್ಟೆ. ಹೆಸರಿನ ಜಾಗದಲ್ಲಿ ‘ಸಿದ್ದ’ ಎಂದು ಬರೆದ. ಮೂರು ಮಹಡಿ ಎತ್ತರದ ಹೆಸರು ಹೊತ್ತು ಬಂದವನು ಅಷ್ಟು ಸಣ್ಣ ಹೆಸರನ್ನು ಎಲ್ಲಿಂದ ಹುಡುಕಿದನೋ. ಮುಂದಿನ ಜಾಗಗಳನ್ನು ಹಾಗೇ ಬಿಟ್ಟು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹಾಳೆಯನ್ನೇ ನೋಡುತ್ತ ಕೂತ.

“ಯಾರಿವನು?” ಎಂದು ನಾಜೂಕಯ್ಯ ಕುತೂಹಲದಿಂದ ಬಗ್ಗಿದ. “ಯೋಧನಾ? ಕಳ್ಳನಾ?”

“ಇನ್ನೂ ಗೊತ್ತಿಲ್ಲ ಕಣೋ,” ಎಂದ ಕಲಿವೀರಯ್ಯ. ಅಷ್ಟು ಸಂತೋಷದಿಂದ ಯಾರಾದರೂ ಆ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. “ನೋಡ್ತಾ ನೋಡ್ತಾ ಗೊತ್ತಾಗುತ್ತೆ. ಈಜು ಬರುತ್ತೆ ಅನ್ಸುತ್ತೆ ಇವನಿಗೆ.”

ನಾನು ಕಥೆಯನ್ನು ನದಿಯ ದಡದಿಂದ ಶುರು ಮಾಡಿದೆ.